ಒಲೆಗೂ ಹೊಲಕ್ಕೂ ಒಂದೇ ಬಣವೆ

ಮಗ ತಾಹಿರ್ ಸಹಿ ಹಾಕಿ ಬಂದ ಕಾಗದದಲ್ಲಿ ತನ್ನ ಒಲೆಯೂ ಸೇರಿಹೋಗಿದೆ ಎಂಬುದು ಜೈತುನ್ಬೀಗೆ ಎರಡು ದಿನ ತಡವಾಗಿ ತಿಳಿಯಿತು.

೨೦೦೬ರ ಜನವರಿ ಅದು. ರಾವೂರಿನಿಂದ ಆಚೆಗಿದ್ದ ಅವರ ಊರಲ್ಲಿ ತೊಗರಿ ರಾಶಿ ಮುಗಿದಿತ್ತು. ಏಳು ಎಕರೆ ಎರೆಹೊಲದ ತೊಗರಿ ಕಟ್ಟಿಗೆಯೆಲ್ಲ ಮನೆಯ ಹಿಂದೆ ಬಣವೆಯಾಗಿ ನಿಂತಿತ್ತು. ಆ ಬಣವೆಯನ್ನು ಜೈತುನ್ಬೀ ಯಾರ ಕೈಗೂ ಕೊಡದೆ ತಾನೇ ಒಟ್ಟುತ್ತಿದ್ದಳು. ದಪ್ಪನೆಯ ಕಟ್ಟಿಗೆ ಕೆಳಗೆ, ರೊಟ್ಟಿಗೆ. ಸಣ್ಣದು ಮೇಲೆ, ಚಹಾಕ್ಕೆ. ಗಂಡ, ಮಗ, ಸೊಸೆ, ತಾನು, ಇಷ್ಟು ಜನರ ಅಡುಗೆ ಮುಂದಿನ ರಾಶಿಯವರೆಗೆ ಅದರಲ್ಲೇ ಆಗಬೇಕು. ಯಾರ ಮನೆ ಹೆಂಗಸು ಎಷ್ಟು ಚೊಕ್ಕ ಎಂಬುದನ್ನು ಅವಳು ಬಣವೆ ನೋಡಿಯೇ ಹೇಳಿಬಿಡುತ್ತಿದ್ದಳು. ಹೇಳಬಾರದವರ ಎದುರಿಗೂ ಹೇಳುತ್ತಿದ್ದಳು.

ಆವತ್ತು ಅಂಗಳಕ್ಕೆ ಬಂದಾಗ ಒಬ್ಬ ಅಪರಿಚಿತ ಆ ಬಣವೆಗೆ ಟೇಪು ಹಿಡಿದು ಅಳೆಯುತ್ತಿದ್ದ. ಸೇಡಂ ಕಡೆಯವನು, ಹೆಸರು ವಿಠ್ಠಲ್. ಮಣ್ಣಿನ ಸತ್ವ ಹೆಚ್ಚಿಸುವ ಹೊಸ ಸರ್ಕಾರಿ ಯೋಜನೆಯ ಸಹಾಯಕ.

"ಇದೇನ್ರಿ, ಕಟ್ಟಗಿಗಿ ಅಂಗಿ ಹೊಲಸ್ತೀರೇನು?" ಎಂದಳು ಜೈತುನ್ಬೀ.

"ಇಲ್ರಿ ಅಮ್ಮಾರ. ಇದು ಇನ್ನ ಹೊಲಕ್ಕ ಹೋಗ್ತದ. ಮಷೀನಿಗಿ ಹಾಕಿ ಪುಡಿ ಮಾಡಿ ಮಣ್ಣಾಗ ಕೂಡ್ಸೂದು. ಹೆಂಡೀನೂ ಅಷ್ಟೇ. ಕುಳ್ಳು ತಟ್ಟಂಗಿಲ್ಲ, ಗುಂಡಿಗಿ ಹಾಕ್ಬೇಕು."

"ಮತ್ತ ಒಲಿ?"

ವಿಠ್ಠಲ್ ಕೈಯಲ್ಲಿದ್ದ ಕಾಗದ ತಿರುವಿ ನೋಡಿದ. ಹಿಂದೆ ನೋಡಿದ, ಮುಂದೆ ನೋಡಿದ. ಸುಳ್ಳು ಹೇಳಲು ಬಾರದ ಮನುಷ್ಯ.

"ಒಲಿದೇನೂ ಬರ್ದಿಲ್ರಿ ಇದ್ರಾಗ," ಎಂದ.

ಸಂಜೆ ಊಟಕ್ಕೆ ಕೂತಾಗ ಮನೆಯಲ್ಲಿ ಜಗಳ ಹತ್ತಿತು. ತಾಹಿರ್ ಪಿಯುಸಿಯವರೆಗೆ ಓದಿದವನು. ಊರಿನ ರೈತರ ಗುಂಪಿಗೆ ಕಾರ್ಯದರ್ಶಿ. ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳುವ ಚಟ.

"ಅಮ್ಮಾ, ಮಣ್ಣಾಗ ಇಂಗಾಲ ಅಂತ ಇರ್ತದ. ಹೊಲದಾಗ ಬೆಳೆದದ್ದೆಲ್ಲ ಕೊಳತು ಮಣ್ಣಾಗ ಕೂಡಿದ್ರ ಅದು ಉಳೀತದ. ನಾವು ಹೊಲದಿಂದ ತೊಗರಿ ತಂದಿವಿ, ಕಟ್ಟಗಿ ತಂದಿವಿ, ಹೆಂಡಿ ಸುಟ್ಟಿವಿ. ವಾಪಸ್ ಏನ್ ಕೊಟ್ಟಿವಿ? ಮಣ್ಣು ಪರೀಕ್ಷೆ ಮಾಡಿ ಕೊಟ್ಟ ಕಾರ್ಡಿನಾಗ ಐವತ್ತು ಬರ್ಬೇಕು. ನಮ್ದು ಮೂವತ್ತೊಂದು ಬಂದದ."

"ಅಂದ್ರ ಹೊಲಾನೂ ನಿನ್ನಂಗ ಫೇಲ್ ಆಗ್ಯಾದ," ಎಂದ ಹಾಜಿಮಲಂಗ್. ತಾಹಿರನ ಅಪ್ಪ, ಊಟದ ಹೊತ್ತಿನಲ್ಲಿ ಜಗಳ ಬಂದರೆ ಚೇಷ್ಟೆ ಮಾಡಿ ಜಾರಿಕೊಳ್ಳುವ ಮುದುಕ.

"ಮೂರು ವರ್ಷಕ್ಕ ಸಹಿ ಮಾಡೀನಿ ಅಬ್ಬಾ. ಸುಡೂದಿಲ್ಲ ಅಂತ ಬರೆದುಕೊಟ್ಟವ್ರಿಗೇ ಬೀಜ, ಗುಂಡಿಗಿ ಮದತ್ತು. ಇದು ಸರ್ಕಾರದ ಧೋರಣೆ."

"ಸರ್ಕಾರ ರೊಟ್ಟಿ ಹಸೀದು ತಿಂತದೇನು?" ಎಂದಳು ಜೈತುನ್ಬೀ. "ಸಹಿ ಮಾಡೋ ಮುಂದ ಒಂದು ಮಾತು ಒಲಿ ಮುಂದ ಕುಂದ್ರಾಕಿಗಿ ಕೇಳ್ಬಾರ್ದೇನು?"

"ಕಾರ್ಡಿನಾಗ ಐವತ್ತು ದಾಟಿದ್ರ ಕಟ್ಟಗಿ ಮತ್ತ ನಿಂದೇ ಅಂತ ಸಾಹೇಬ್ರು ಹೇಳ್ಯಾರ. ಥೋಡೆ ದಿನ ತಡಕೋ."

ಈ ಮಾತು ಜೈತುನ್ಬೀಯ ತಲೆಯಲ್ಲಿ ಕೂತುಬಿಟ್ಟಿತು. ಐವತ್ತು ದಾಟಿದರೆ ಕಟ್ಟಿಗೆ ತನ್ನದು.

ಫೆಬ್ರವರಿಯ ಒಂದು ಬೆಳಗ್ಗೆ ಟ್ರ್ಯಾಕ್ಟರಿನ ಹಿಂದೆ ಮಷೀನು ಬಂತು. ಅವಳು ಹದಿನೈದು ದಿನ ಒಟ್ಟಿದ್ದನ್ನು ಮಧ್ಯಾಹ್ನದೊಳಗೆ ತಿಂದು ಮುಗಿಸಿತು. ಪುಡಿಯನ್ನೆಲ್ಲ ಹೊಲಕ್ಕೆ ಹರಡಿದರು. ಮನೆಯ ಹಿಂದೆ ಬಯಲು ಬಿತ್ತು. ಜೈತುನ್ಬೀ ಆ ದಿನ ಊಟ ಮಾಡಲಿಲ್ಲ. ಯಾರೂ ಕೇಳಲೂ ಇಲ್ಲ.

ಮರುದಿನದಿಂದ ಅತ್ತೆ ಸೊಸೆ ಇಬ್ಬರೂ ಹಳೆಯ ಫರ್ಸಿಕಲ್ಲಿನ ಖಣಿಗಳ ಕಡೆ ನಡೆದರು. ಕಲ್ಲು ತೆಗೆದು ಬಿಟ್ಟ ಗುಂಡಿಗಳ ಅಂಚಿನಲ್ಲಿ ಜಾಲಿ ಬೆಳೆದಿತ್ತು. ಹೋಗಿ ಬರಲು ಎರಡು ತಾಸು, ಕಡಿಯಲು ಎರಡು ತಾಸು. ತಂದ ಹೊರೆ ಎರಡು ದಿನಕ್ಕೆ ಸಾಲದು. ಸೊಸೆ ಅಸ್ಫಿಯಾ ಶಹಾಬಾದಿನ ಹುಡುಗಿ, ತವರಿನಲ್ಲಿ ಗ್ಯಾಸಿನ ಮೇಲೆ ಅಡುಗೆ ಮಾಡಿ ಬೆಳೆದವಳು. ಮೂರನೇ ವಾರ ಅವಳ ಅಂಗೈಗೆ ಮುಳ್ಳು ಮುರಿದು ಕೀವಾಯಿತು.

"ನಿಮ್ಮ ಹೊಲಕ್ಕ ಮೈ ಬರ್ಲಿ ಅಂತ ನನ್ನ ಕೈ ಕೊಳೀಲಿಕತ್ತದ," ಎಂದಳು ಗಂಡನಿಗೆ, ಬಟ್ಟೆ ಸುತ್ತಿದ ಕೈ ತೋರಿಸಿ.

"ಯೋಜನೆಯವ್ರು ಸುತ್ತಿನ ಐದು ಊರಿಗಿ ಒಬ್ಬ ಪ್ರೇರಕನ್ನ ತಗೋತಾರ. ತಿಂಗಳ ಪಗಾರ. ನನ್ನ ಹೆಸರು ಅದ. ಆ ದಿನಾನೇ ನಿನಗ ಗ್ಯಾಸ್ ತರ್ತೀನಿ."

"ಖರೇ?"

"ಖರೇನೇ."

ಅಸ್ಫಿಯಾ ಅಷ್ಟಕ್ಕೇ ಸುಮ್ಮನಾದಳು. ಜೈತುನ್ಬೀ ಆಗಲಿಲ್ಲ. ಮನೆಯಲ್ಲಿ ಒಲೆ ಹೊತ್ತುವುದು ದಿನಕ್ಕೆ ಒಂದೇ ಸಲವಾಯಿತು. ಬೆಳಗಿನ ರೊಟ್ಟಿ ರಾತ್ರಿಗೆ ಕಟಕ್ಕೆನ್ನುತ್ತಿತ್ತು. ಹಾಜಿಮಲಂಗ್ ಉಳಿದ ನಾಲ್ಕು ಹಲ್ಲಿನ ಮರ್ಯಾದೆ ಕಾಯಲು ಅದನ್ನು ಬೇಳೆಯಲ್ಲಿ ನೆನೆಹಾಕಿ ಗಂಟೆ ಹೊತ್ತು ಕಾಯುತ್ತಿದ್ದ.

"ಅಮ್ಮಾ, ಬಿಸಿ ರೊಟ್ಟಿ ಇಲ್ಲೇನು?" ಎಂದ ತಾಹಿರ್ ಒಂದು ದಿನ.

"ನಿನ್ನ ಹೊಲಕ್ಕ ಹೋಗಿ ಕೇಳು. ಅದರ ಹೊಟ್ಟ್ಯಾಗ ಅವ."

ಇದೆಲ್ಲ ಒಂದು ಮನೆಯ ಗೋಳು ಎಂದುಕೊಂಡರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಜೈತುನ್ಬೀ ಸುಮ್ಮನೆ ಕೂರುವ ಜಾತಿಯಲ್ಲ.

ಮೇ ತಿಂಗಳಲ್ಲಿ ಎರಡನೇ ಸಲ ಪರೀಕ್ಷೆಗೆ ಮಣ್ಣು ಕಳಿಸಬೇಕೆಂದು ಹೇಳಿಕೆ ಬಂತು. ತಾಹಿರ್ ಕಾಗದದಲ್ಲಿ ಬರೆದಿದ್ದ ಪ್ರಕಾರ ಹೊಲದ ಎಂಟು ಕಡೆ ಗೇಣುದ್ದ ಗುಂಡಿ ತೋಡಿ, ಪಕ್ಕದಿಂದ ಮಣ್ಣು ಕೆರೆದು, ಎಲ್ಲ ಕೂಡಿಸಿ, ಪಡಸಾಲೆಯ ನೆರಳಲ್ಲಿ ಗೋಣಿಯ ಮೇಲೆ ಒಣಗಹಾಕಿ ಚಿತ್ತಾಪುರಕ್ಕೆ ಹೋದ. ಸಂಜೆ ಬಂದು ಚೀಲಕ್ಕೆ ತುಂಬುವವನಿದ್ದ. ಜೈತುನ್ಬೀ ಆ ಮಣ್ಣನ್ನು ನೋಡುತ್ತ ಸ್ವಲ್ಪ ಹೊತ್ತು ಕೂತಳು. ಬೂದುಬಣ್ಣದ, ಜೀವವಿಲ್ಲದ ಮಣ್ಣು. ಇದಕ್ಕೆಲ್ಲಿ ಐವತ್ತು ಬರಬೇಕು? ಎದ್ದು ಗೋಣಿ ಎತ್ತಿ ಅಂಗಳಕ್ಕೆ ಝಾಡಿಸಿದಳು. ಕೋಳಿಗಳು ಬಂದು ಕೆದರಿದವು. ಬುಟ್ಟಿ ತೆಗೆದುಕೊಂಡು ಹೋಗಿ ಮೂವತ್ತು ವರ್ಷದಿಂದ ತಿಪ್ಪೆ ಇದ್ದ ಜಾಗದ ಅಡಿಮಣ್ಣು ಬಗೆದು ತಂದಳು. ಕಪ್ಪಗೆ, ಮೆತ್ತಗೆ ಇತ್ತು. ಹೆಂಟೆ ಒಡೆದು ಅದೇ ಗೋಣಿಯ ಮೇಲೆ ಹರಡಿದಳು. ಸಂಜೆಗತ್ತಲಲ್ಲಿ ಬಂದ ತಾಹಿರ್ ಗಮನಿಸದೆ ಅದನ್ನೇ ಚೀಲಕ್ಕೆ ತುಂಬಿದ.

ಮೋಸ ಮಾಡಿದೆ ಎಂದು ಅವಳಿಗೆ ಅನ್ನಿಸಲಿಲ್ಲ. ಹೊಲ ಪಾಸಾದರೆ ಮಗನಿಗೂ ಖುಷಿ, ತನಗೂ ಕಟ್ಟಿಗೆ. ಇದರಲ್ಲಿ ಯಾರ ಗಂಟು ಹೋಗುತ್ತದೆ?

ಹದಿನೈದು ದಿನಕ್ಕೆ ಕಾರ್ಡು ಬಂತು. ನೂರಾ ಹದಿನಾಲ್ಕು.

ತಾಹಿರ್ ಓಡುತ್ತ ಬಂದ. "ಅಮ್ಮಾ! ಐವತ್ತಲ್ಲ, ನೂರು ದಾಟ್ಯಾದ! ಜಿಲ್ಲಾದಾಗ ಯಾರಿಗೂ ಬಂದಿಲ್ಲಂತ!"

"ಹಂಗಿದ್ರ ಕಟ್ಟಗಿ ನಂದು."

"ಏನ್ ಕಟ್ಟಗಿ ಹಚ್ಚಿದಿ ನೀನು? ನಮ್ದು ಮಾದರಿ ಹೊಲ ಮಾಡ್ಯಾರ. ಇಡೀ ಊರಿಗಿ ಹುಕುಂ ಆಗ್ಯಾದ. ಬಣಮಿ ಇದ್ದವ್ರೆಲ್ಲ ಪುಡಿ ಮಾಡಿ ಹೊಲಕ್ಕ ಹಾಕ್ಬೇಕು, ಇಲ್ಲಂದ್ರ ಯೋಜನೆ ಬೀಜ ಇಲ್ಲ. ಮುಂದಿನ ರಾಶಿಗಿ ಕೊಯ್ಯೋ ಹೆಣ್ಮಕ್ಕಳಿಗಿ ಹೊರಿ ಕೊಡೂದೂ ಬಂದ್."

ಹಿಂದೆ ನಿಂತಿದ್ದ ವಿಠ್ಠಲ್ ಮಾತ್ರ ನಗುತ್ತಿರಲಿಲ್ಲ. "ಸ್ಯಾಂಪಲ್ ಯಾರ್ ತುಂಬಿದ್ರಿ, ತಾಹಿರ್?" ಎಂದು ಕೇಳಿದ.

"ನಾನೇ."

"ನಾಲ್ಕು ತಿಂಗಳದಾಗ ಮಣ್ಣು ಹಿಂಗ ಏರಂಗಿಲ್ಲ." ವಿಠ್ಠಲನ ಕಣ್ಣು ಒಮ್ಮೆ ಜೈತುನ್ಬೀ ಕಡೆ ಹೊರಳಿತು. ಅವಳು ಎದ್ದು ಒಳಗೆ ಹೋದಳು. ಅವನು ಮತ್ತೆ ಕೇಳಲಿಲ್ಲ. ಅವನ ಸಾಹೇಬರು ಆ ಅಂಕಿಯನ್ನು ಆಗಲೇ ಮೇಲಕ್ಕೆ ಬರೆದು ಕಳಿಸಿದ್ದರು.

ಆ ಊರಿನ ಹೊಲಗಳಲ್ಲಿ ಒಂದು ರೂಢಿಯಿತ್ತು. ತೊಗರಿ ಕೊಯ್ಯಲು ಬಂದ ಹೆಂಗಸರು ಸಂಜೆ ಮನೆಗೆ ಹೋಗುವಾಗ ಒಬ್ಬೊಬ್ಬರು ಒಂದೊಂದು ಹೊರೆ ಕಟ್ಟಿಗೆ ತಲೆಯ ಮೇಲೆ ಹೊತ್ತು ಹೋಗುತ್ತಿದ್ದರು. ಅದನ್ನು ಯಾರೂ ಕೇಳುತ್ತಿರಲಿಲ್ಲ, ಯಾರೂ ಬೇಡವೆನ್ನುತ್ತಿರಲಿಲ್ಲ. ಪಕ್ಕದ ಮನೆಯ ಇಮಾಮ್ಬೀ ಬದುಕಿದ್ದೇ ಆ ಹೊರೆಗಳ ಮೇಲೆ. ಗಂಡ ಸತ್ತವಳು, ತುಂಡು ಹೊಲವಿಲ್ಲ. ನಸುಕಿನಲ್ಲೆದ್ದು ನೂರು ಜೋಳದ ರೊಟ್ಟಿ ಬಡಿದು ಮೊದಲ ಬಸ್ಸಿಗೆ ವಾಡಿಯ ಖಾನಾವಳಿಗೆ ಕಳಿಸುತ್ತಿದ್ದಳು. ಮನೆಯಲ್ಲಿ ಜಾಗವಿಲ್ಲವೆಂದು ಈ ವರ್ಷ ಉಳಿದಿದ್ದ ಇಪ್ಪತ್ತು ಹೊರೆ ಕಟ್ಟಿಗೆಯನ್ನು ತಾನು ಕೊಯ್ದ ಚಂದ್ರಾಮನ ಹೊಲದ ಬದುವಿನಲ್ಲೇ ಒಟ್ಟಿದ್ದಳು.

ಹುಕುಂ ಬಂದ ಮೂರನೇ ದಿನ ಅವಳು ಜೈತುನ್ಬೀಯ ಬಾಗಿಲಿಗೆ ಬಂದು ನೆಲದ ಮೇಲೆ ಕೂತುಬಿಟ್ಟಳು.

"ಆಪಾ, ನನ್ನ ಕಟ್ಟಗಿ ಹೋಯ್ತು."

"ಯಾರ್ ಒಯ್ದ್ರು?"

"ಮಷೀನು ತಿಂತು. ಚಂದ್ರಾಮಗ ಕೇಳಿದ್ರ, ನಿಂದು ಅಂತ ನನಗ್ಹ್ಯಾಂಗ ಗೊತ್ತಾಗ್ಬೇಕು, ಬದುವಿನ ಮ್ಯಾಲ ಇದ್ದದ್ದೆಲ್ಲ ಹಾಕ್ಯಾರ ಅಂದ. ನಾಳೆ ರೊಟ್ಟಿಗಿ ಕಟ್ಟಗಿ ಇಲ್ಲ. ಎರಡು ದಿನ ರೊಟ್ಟಿ ತಪ್ಪಿದ್ರ ಖಾನಾವಳಿಯವ ಬ್ಯಾರೇದವ್ರನ್ನ ಹಿಡೀತಾನ." ಇಮಾಮ್ಬೀ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿಮ್ಮ ಹೊಲ ಭಾಳ ಛಲೋ ಆಗ್ಯಾದಂತ ಆಪಾ. ಮಂದಿ ಹೇಳ್ಲಿಕತ್ತಾರ. ಅಲ್ಲಾ ಕೊಟ್ಟಾನ, ಇರ್ಲಿ."

ಆ 'ಇರ್ಲಿ' ಎಂಬ ಮಾತು ಜೈತುನ್ಬೀಯ ಎದೆಗೆ ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ತಂದಿಟ್ಟಿದ್ದ ಜಾಲಿಯ ಹೊರೆಯನ್ನೆಲ್ಲ ಅವಳ ತಲೆಗೆ ಏರಿಸಿ ಕಳಿಸಿದಳು. ಆವತ್ತು ಜೈತುನ್ಬೀಯ ಮನೆಯಲ್ಲಿ ಮಂಡಕ್ಕಿ ತಿಂದರು.

ಮಧ್ಯಾಹ್ನ ಗಂಡ ಒಬ್ಬನೇ ಸಿಕ್ಕಾಗ ಎಲ್ಲ ಹೇಳಿದಳು. ಹಾಜಿಮಲಂಗ್ ಸೇದುತ್ತಿದ್ದ ಬೀಡಿಯನ್ನು ನೆಲಕ್ಕೆ ತಿಕ್ಕಿ ಆರಿಸಿದ.

"ತಿಪ್ಪಿ ಮಣ್ಣು?"

"ಹ್ಞೂಂ."

"ಬಾಯಿ ಮುಚ್ಚಿಕೊಂಡು ಇರು. ಬರೋ ವಾರ ಜಿಲ್ಲಾದಿಂದ ದೊಡ್ಡ ಸಾಹೇಬ ಬರ್ತಾನ. ಅವತ್ತೇ ತಾಹಿರಂದು ಪಗಾರದ ಕೆಲ್ಸ ಪಕ್ಕಾ ಆಗ್ತದ. ಈಗ ಬಾಯಿ ಬಿಟ್ರ ಮಗನ ಕೂಳು ಕಸಕೊಂಡಂಗ ಆಗ್ತದ."

"ಬಿಡದಿದ್ರ ಇಮಾಮ್ಬೀದು?"

"ನನಗ ಕೇಳಬ್ಯಾಡ," ಎಂದ ಮುದುಕ, ದಣಿದ ದನಿಯಲ್ಲಿ. "ನನಗ ಎದ್ದು ಕುಂತ್ರ ಸೊಂಟ ಹಿಡೀತದ. ಇಂಥಾ ದೊಡ್ಡ ಮಾತು ನನಗ ಕೇಳಬ್ಯಾಡ."

ಆ ವಾರ ಜೈತುನ್ಬೀ ಯಾರನ್ನೂ ಬೈಯಲಿಲ್ಲ. ಮೈಯಲ್ಲಿ ಹುಷಾರಿಲ್ಲವೇ ಎಂದು ಸೊಸೆ ಎರಡು ಸಲ ಕೇಳಿದಳು. ಅಸ್ಫಿಯಾ ಅಡುಗೆಮನೆಯ ಫರ್ಸಿಕಟ್ಟೆಯನ್ನು ತಿಕ್ಕಿ ತೊಳೆದು, ಗ್ಯಾಸ್ ಎಲ್ಲಿಡುವುದೆಂದು ಚಾಕ್‌ಪೀಸಿನಿಂದ ಗೆರೆ ಎಳೆದಿದ್ದಳು. ಅದನ್ನು ನೋಡಿದಾಗಲೆಲ್ಲ ಜೈತುನ್ಬೀ ಮುಖ ತಿರುಗಿಸಿ ಹೊರಗೆ ಹೋಗುತ್ತಿದ್ದಳು. ಒಂದು ಕಡೆ ಮನೆಯ ಮಕ್ಕಳು, ಇನ್ನೊಂದು ಕಡೆ ಇಡೀ ಓಣಿಯ ಒಲೆಗಳು. ನಡುವೆ ತಾನು ತುಂಬಿದ ಒಂದು ಬುಟ್ಟಿ ಮಣ್ಣು.

ಜೂನ್ ಮೊದಲ ವಾರ ಹೊಲದಲ್ಲಿ ಶಾಮಿಯಾನ ಹಾಕಿದರು. ಜೀಪು ಬಂತು, ಹಾರ ಬಂದವು. ಊರ ಗಂಡಸರು ಕುರ್ಚಿಯ ಮೇಲೆ, ಹೆಂಗಸರು ಜಮಖಾನೆಯ ಮೇಲೆ. ದೊಡ್ಡ ಸಾಹೇಬರು ವಯಸ್ಸಾದವರು, ಬಿಸಿಲಿಗೆ ಬಸವಳಿದಿದ್ದರು. ಮಣ್ಣಿನಲ್ಲಿ ಇಂಗಾಲ ಉಳಿದರೆ ಮಳೆನೀರು ನಿಲ್ಲುತ್ತದೆ, ಮುಂದಿನ ಪೀಳಿಗೆಗೆ ಭೂಮಿ ಉಳಿಯುತ್ತದೆ ಎಂದು ಒಳ್ಳೆಯ ಮಾತನ್ನೇ ಆಡಿದರು. ಕೊನೆಗೆ ಹೇಳಿದರು:

"ಈ ಮನಿ ತಾಯಿಯವರು ಕಟ್ಟಿಗೆ ತ್ಯಾಗ ಮಾಡ್ಯಾರ. ಅವರೇ ಬಂದು ನಾಲ್ಕು ಮಾತು ಹೇಳ್ಲಿ. ಉಳಿದ ಹೆಣ್ಮಕ್ಕಳಿಗಿ ಧೈರ್ಯ ಬರ್ತದ."

ಜೈತುನ್ಬೀ ಎದ್ದಳು. ಮುಂದೆ ತಾಹಿರ್ ಇಸ್ತ್ರಿ ಅಂಗಿ ಹಾಕಿಕೊಂಡು ನಗುತ್ತ ನಿಂತಿದ್ದ. ಜಮಖಾನೆಯ ಕೊನೆಯಲ್ಲಿ ಇಮಾಮ್ಬೀ ತಲೆ ತಗ್ಗಿಸಿ ಕೂತಿದ್ದಳು.

"ತ್ಯಾಗ ನಾ ಮಾಡಿಲ್ರಿ," ಎಂದಳು. "ನನಗ ಕೇಳದೆ ಒಯ್ದಾರ. ಅದು ಇರ್ಲಿ. ಆ ಕಾರ್ಡು ಈ ಹೊಲದ್ದಲ್ಲ. ನನ್ನ ಮಗ ತಂದ ಮಣ್ಣು ನಾ ಅಂಗಳಕ್ಕ ಚೆಲ್ಲೀನಿ. ತಿಪ್ಪಿ ಕೆಳಗಿಂದು ತಂದು ಇಟ್ಟೀನಿ. ಅವಗ ಗೊತ್ತಿಲ್ಲ. ಪಾಸಾದ್ರ ಕಟ್ಟಗಿ ವಾಪಸ್ ಕೊಡ್ತೀರಿ ಅಂದಿದ್ರಿ, ಅದಕ್ಕ ಮಾಡೀನಿ. ಊರಿನ ಹೆಣ್ಮಕ್ಕಳ ಕಟ್ಟಗಿ ಹೋಗ್ತದ ಅಂತ ನನಗ ತಿಳೀಲಿಲ್ಲ."

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ತಾಹಿರನ ಮುಖ ನೋಡುವ ಧೈರ್ಯ ಅವಳಿಗಾಗಲಿಲ್ಲ.

ದೊಡ್ಡ ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ವಿಠ್ಠಲ್, ಈಗ ಇವರ ಕೈಲೇ ಇನ್ನೊಂದು ಸಲ ತೆಗಿಸ್ರಿ. ಅಲ್ಲೀತನಕ ಊರಿನ ಹುಕುಂ ನಿಲ್ಲಿಸ್ರಿ," ಎಂದವರೇ ಜೀಪು ಹತ್ತಿದರು. ಮಾಡಿಸಿದ್ದ ಊಟ ಹಾಗೇ ಉಳಿಯಿತು.

ಎಲ್ಲರ ಕಣ್ಣೆದುರೇ ಜೈತುನ್ಬೀ ಎಂಟು ಗುಂಡಿ ತೋಡಿದಳು. ಸಹಾಯಕ್ಕೆ ಬಂದವಳು ಇಮಾಮ್ಬೀ ಒಬ್ಬಳೇ. ಚೀಲ ಕಟ್ಟುವಾಗ ವಿಠ್ಠಲ್ ಮೆಲ್ಲಗೆ ಕೇಳಿದ, "ಚೀಟಿ ಮ್ಯಾಲ ಯಾರ ಹೆಸರು ಬರೀಲಿರಿ, ಅಮ್ಮಾರ?"

"ನಂದೇ ಬರಿ. ಇನ್ನೊಬ್ಬರ ಹೆಸರು ಕೆಡಿಸೂದು ಸಾಕಾಗ್ಯಾದ."

ಮನೆಯಲ್ಲಿ ಆದ ಜಗಳವನ್ನು ಓಣಿಯೆಲ್ಲ ಕೇಳಿತು. "ನನಗ ಮೊದಲ ಹೇಳಿದ್ರ ಏನಾಗ್ತಿತ್ತು? ನಾಲ್ಕು ಮಂದಿ ಮುಂದ ನನ್ನ ಮೂಗು ಕೊಯ್ದಿ!" ಎಂದು ತಾಹಿರ್ ಕೂಗಿದ. ಪಗಾರದ ಕೆಲಸ ಬೇರೆ ಊರಿನವನಿಗೆ ಹೋಯಿತು. ಅಸ್ಫಿಯಾ ಒದ್ದೆ ಅರಿವೆ ತಂದು ಕಟ್ಟೆಯ ಮೇಲಿನ ಗೆರೆ ಒರೆಸಿದಳು. ಮಗನ ಕೂಗಿಗಿಂತ ಅದನ್ನು ನೋಡುವುದು ಜೈತುನ್ಬೀಗೆ ಹೆಚ್ಚು ಕಷ್ಟವಾಯಿತು.

ಮೂರು ವಾರ ತಾಹಿರ್ ತಾಯಿಯ ಜೊತೆ ಮಾತಾಡಲಿಲ್ಲ. ಮಳೆ ಬಂತು, ತೊಗರಿ ಬಿತ್ತಿದರು. ಅವನು ಹೋಟೆಲಿನಲ್ಲಿ ತಿಂದು ಬರುತ್ತಿದ್ದ. ಅವಳು ಅವನ ಪಾಲಿನ ರೊಟ್ಟಿ ಬಡಿಯುವುದನ್ನು ಬಿಡಲಿಲ್ಲ. ಇಮಾಮ್ಬೀಗೆ ಚಂದ್ರಾಮ ನಾಚಿಕೆಪಟ್ಟು ತನ್ನ ಮನೆಯ ಹತ್ತು ಹೊರೆ ಕೊಟ್ಟ. ಅವಳ ರೊಟ್ಟಿ ವಾಡಿಗೆ ಹೋಗುವುದು ನಿಲ್ಲಲಿಲ್ಲ.

ಜೂನ್ ಕೊನೆಯಲ್ಲಿ ವಿಠ್ಠಲ್ ಕಾರ್ಡು ತಂದು ಪಡಸಾಲೆಯಲ್ಲಿ ಕೂತ. ಎಲ್ಲರೂ ಅಲ್ಲೇ ಇದ್ದರು. ತಾಹಿರ್ ಕಾರ್ಡು ಇಸಿದುಕೊಂಡು ನೋಡಿದ. ಮೂರು ವಾರದ ಮೇಲೆ ಮೊದಲ ಸಲ ಅಮ್ಮನ ಕಡೆ ತಿರುಗಿದ.

"ಮೂವತ್ತಮೂರು."

"ಮೊದಲ ಎಷ್ಟಿತ್ತು?"

"ಮೂವತ್ತೊಂದು."

"ಅಂದ್ರ ಎರಡು." ಜೈತುನ್ಬೀ ಎರಡು ಬೆರಳು ಎತ್ತಿ ನೋಡಿಕೊಂಡಳು. "ಏಳು ಎಕರೆ ಕಟ್ಟಗಿ. ಈ ಹುಡುಗಿ ಕೈ. ನಿಮ್ಮ ಅಬ್ಬಾನ ಹಲ್ಲು. ಎಲ್ಲಾ ಹಾಕಿ ಎರಡು."

"ಎರಡು ಅಂದ್ರ ಕಮ್ಮಿ ಅಲ್ರಿ ಅಮ್ಮಾರ," ಎಂದ ವಿಠ್ಠಲ್. "ಎಷ್ಟೋ ಹೊಲದಾಗ ಇಳೀಲಿಕತ್ತದ. ಊರಿನ ಹುಕುಂ ರದ್ದು ಆಗ್ಯಾದ. ನಿಮ್ಮ ಸಹಿ ಮಾತ್ರ ಮೂರು ವರ್ಷದ್ದು. ಬಿಡ್ತೀನಿ ಅಂದ್ರ ನಾ ಬರ್ಕೊಂಡು ಹೋಗ್ತೀನಿ."

ತಾಹಿರ್ ಕಾರ್ಡನ್ನು ಮಡಿಸಿದ, ಬಿಚ್ಚಿದ. "ಅಮ್ಮಾ, ಈ ಸಲ ನೀನೇ ಹೇಳು," ಎಂದ. "ಹೊಲಕ್ಕ ಖರೇನೇ ಜೀವ ಇಲ್ಲ. ಅದು ನಾ ಸುಳ್ಳು ಹೇಳಿದ್ದಲ್ಲ. ಆದ್ರ ನೀ ಬ್ಯಾಡಂದ್ರ ಬಿಡೂಣು."

ಇದೇ ಮಾತನ್ನು ಜನವರಿಯಲ್ಲಿ ಕೇಳಬಾರದಾಗಿತ್ತೇ ಎಂದು ಅವಳಿಗೆ ಅಳು ಬಂತು. ಅಳುವಷ್ಟು ತ್ರಾಣವಿರಲಿಲ್ಲ. ಗುಂಡಿ ತೋಡಿದ ದಿನ ಆ ಮಣ್ಣು ಕೈಗೆ ಹೇಗೆ ಹತ್ತಿತ್ತೆಂದು ಅವಳಿಗೆ ಗೊತ್ತಿತ್ತು. ಇಡೀ ಜನ್ಮ ಅದರಿಂದ ತಂದದ್ದೇ ತಂದದ್ದು.

"ಐವತ್ತಕ್ಕ ಎಷ್ಟು ವರ್ಷ ಹಿಡೀತದ?"

ವಿಠ್ಠಲ್ ಬೆರಳು ಮಡಿಸಿದ. "ಹಿಂಗೇ ಹೋದ್ರ ಒಂಬತ್ತು ವರ್ಷ."

"ಆಗ್ಲಿ. ಬಿಡಬ್ಯಾಡ. ಕಟ್ಟಗಿ ಹೊಲಕ್ಕ ಹಾಕು," ಎಂದಳು ಮಗನಿಗೆ. "ಕೊಯ್ಯಾಕ ಬಂದವ್ರ ಹೊರಿ ಮಾತ್ರ ಅವ್ರಿಗಿ ಕೊಡು. ಒಲಿಗಿ ನೀ ತಾ. ಇನ್ನ ಮ್ಯಾಲ ನಾನೂ ಹೋಗೂದಿಲ್ಲ, ಅಸ್ಫಿಯಾನೂ ಹೋಗೂದಿಲ್ಲ. ಸಹಿ ಮಾಡ್ದವ ನೀನು."

ಹಾಜಿಮಲಂಗ್ ಕೆಮ್ಮಿದ. ವಿಠ್ಠಲ್ ಈ ಸಲ ಕಾಗದ ತಿರುವಿ ನೋಡಲಿಲ್ಲ.

ಮರುದಿನ ಬೆಳಗ್ಗೆ ತಾಹಿರ್ ಕೊಡಲಿ ಹಿಡಿದು ಖಣಿಗಳ ಕಡೆ ಹೋದ. ಬಂದಾಗ ಹೊತ್ತು ನೆತ್ತಿಯ ಮೇಲಿತ್ತು. ಅಂಗಿ ಎರಡು ಕಡೆ ಹರಿದಿತ್ತು, ಮೊಣಕೈವರೆಗೆ ಮುಳ್ಳು ಗೀರಿ ರಕ್ತ ಒಣಗಿತ್ತು. ಹೊರೆ ಕೆಡವಿ, ಕೈ ತೊಳೆದು ಬಂದು ತಾಟಿನ ಮುಂದೆ ಕೂತ. ಜೈತುನ್ಬೀ ಹಂಚಿನಿಂದ ಬಿಸಿ ರೊಟ್ಟಿ ತೆಗೆದು ಹಾಕಿದಳು. ಅರ್ಧ ರೊಟ್ಟಿ ತಿಂದ ಮೇಲೆ ಕೇಳಿದ:

"ಇದು ಎಷ್ಟು ದಿನ ಬರ್ತದ ಅಮ್ಮಾ?"

"ನಾಡಿದ್ದಿನ ತನಕ."

"ಆಮ್ಯಾಲ ಮತ್ತ ಹೋಗ್ಬೇಕೇನು?"

"ಹ್ಞೂಂ."

ಅವನು ತಲೆ ಬಗ್ಗಿಸಿ ತನ್ನ ಕೈ ನೋಡಿಕೊಂಡ. ಪಕ್ಕದಲ್ಲೇ ನೀರು ಬಗ್ಗಿಸುತ್ತಿದ್ದ ಅಸ್ಫಿಯಾಳ ಅಂಗೈಯ ಮೇಲೆ ಕಣ್ಣು ಹೋಯಿತು. ಅಲ್ಲಿ ಗಾಯ ಮಾಗಿ ಕಲೆ ಉಳಿದಿತ್ತು.

"ಒಂಬತ್ತು ವರ್ಷ," ಎಂದ ಮೆಲ್ಲಗೆ, ಈಗ ಗೊತ್ತಾದವನ ಹಾಗೆ.

ಜೈತುನ್ಬೀ ಇನ್ನೊಂದು ರೊಟ್ಟಿ ಬಡಿಯಲು ಹಿಟ್ಟು ನಾದಿಕೊಂಡಳು.